ತಪ್ಪಿನ ಮೊಳೆ

ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಎಲ್ಲರೂ ಚಹಾಕ್ಕೆಂದು ಇಳಿದರು. ಮಹಾಂತೇಶ ಮಾತ್ರ ತೊಡೆಯ ಮೇಲಿನ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತೇ ಇದ್ದ. ಚೀಲದೊಳಗೆ ಸ್ಕ್ರೂಡ್ರೈವರುಗಳು, ಧೂಳು ಹೊಡೆಯುವ ಬ್ರಷ್ಷು, ಫ್ಲಾಪಿಗಳ ಡಬ್ಬ, ಅದರ ಪಕ್ಕದಲ್ಲಿ ಮಡಿಕೆ ಬೀಳದಂತೆ ರಟ್ಟಿಗೆ ಸೇರಿಸಿ ಇಟ್ಟ ಒಂದು ಲಕೋಟೆ. ಲಕೋಟೆಯ ಬಾಯಿಗೆ ಅಂಟು ಹಾಕಿರಲಿಲ್ಲ. ಒಬ್ಬರ ಕೈಯಲ್ಲಿ ಕಾಗದ ಕಳಿಸುವಾಗ ಅಂಟು ಹಾಕಿದರೆ ಅವರನ್ನು ನಂಬದ ಹಾಗೆ ಎಂದು ನೀಲಾಂಬಿಕ ಮೇಡಂ ಯಾವತ್ತೂ ಹಾಕುತ್ತಿರಲಿಲ್ಲ. ಹಾಕಿದ್ದರೆ ಚೆನ್ನಾಗಿತ್ತು. ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಲೇ ಅವನು ಅದನ್ನು ಓದಿಬಿಟ್ಟಿದ್ದ. ‘ಸೊರಬದ ಶ್ರೀ ಉಜ್ಜಪ್ಪನವರಿಗೆ ವಂದನೆಗಳು. ನಾನು ತಮಗೆ ಮಾರಿದ ಕಂಪ್ಯೂಟರಿನಲ್ಲಿ ವೈರಸ್ ಇತ್ತೆಂದು ತಿಳಿದು ನೋವಾಯಿತು. ಮೂರು ವರ್ಷ ನನ್ನ ಕೈಯಲ್ಲೇ ಇದ್ದ ಯಂತ್ರ. ನನಗೆ ಗೊತ್ತಾಗದೆ ಹೋದದ್ದು ನನ್ನ ತಪ್ಪು. ಕ್ಷಮಿಸಬೇಕು.’ ಎಡಗಡೆ ಅಂಚು ಗೆರೆ ಎಳೆದ ಹಾಗಿತ್ತು. ಒಂದು ಅಕ್ಷರವೂ ಮೇಲೆ ಕೆಳಗೆ ಆಗಿರಲಿಲ್ಲ. ಇಪ್ಪತ್ತೇಳು ವರ್ಷ ಟೈಪಿಂಗ್ ಕಲಿಸುತ್ತ ಊರಿನ ಅರ್ಧ ಜನರಿಂದ ಅವರ ತಪ್ಪು ಹುಡುಕಿಸಿದ ಹೆಂಗಸು ಕಂಡರಿಯದ ಒಬ್ಬ ಅಂಗಡಿಯವನಿಗೆ ಕ್ಷಮಿಸಬೇಕು ಎಂದು ಬರೆದಿದ್ದರು. ಬಸ್ಸಿನ ಕಿಟಕಿಯಾಚೆ ಒಬ್ಬ ಕಡಲೆಕಾಯಿಯ ಬುಟ್ಟಿಯನ್ನು ಎತ್ತಿ ಹಿಡಿದು ಅವನ ಮುಖವನ್ನೇ ನೋಡುತ್ತಿದ್ದ. ಬೇಡ ಎಂದು ತಲೆಯಾಡಿಸಿದರೂ ಅವನು ಹೋಗಲಿಲ್ಲ.

ಹೋದ ವಾರ ಎಸ್‌ಟಿಡಿ ಬೂತಿಗೆ ಉಜ್ಜಪ್ಪನ ಫೋನು ಬಂದಾಗ ಮಹಾಂತೇಶ ಯೋಚಿಸದೆಯೇ ಮಾತಾಡಿಬಿಟ್ಟಿದ್ದ. ಬೂತಿನ ಗಾಜಿನ ಆಚೆ ನಾಲ್ಕು ಜನ ಕಾಯುತ್ತಿದ್ದರು, ಫೋನಿನಲ್ಲಿ ಉಜ್ಜಪ್ಪ ಕೂಗುತ್ತಿದ್ದ. “ಅಕ್ಷರ ಉದುರ್ತಾವೆ ಮಾರಾಯ್ರೆ! ಬರ್ದಿದ್ದೆಲ್ಲ ಜಾರಿ ಕೆಳಗೆ ಬಂದು ರಾಶಿ ಬೀಳ್ತಾವೆ! ಎಂಥಾ ಮಷಿನ್ ಕೊಡ್ಸಿದ್ರಿ ನೀವು?” ಕೊಡಿಸಿದ್ದು ಮಹಾಂತೇಶನೇ. ಮೇಡಂ ತಮ್ಮ ಟೈಪಿಂಗ್ ಇನ್ಸ್ಟಿಟ್ಯೂಟು ಮುಚ್ಚಿದಾಗ, ಒಳ್ಳೆಯ ಕೈ ಸೇರಲಿ ಎಂದು ಸೊರಬದ ತಾಲ್ಲೂಕು ಕಚೇರಿ ಎದುರಿನ ಈ ಜೆರಾಕ್ಸ್ ಅಂಗಡಿ ಹುಡುಕಿ, ಕಂಪ್ಯೂಟರನ್ನು ಹುಲ್ಲಿನ ಮೇಲೆ ಕೂರಿಸಿ ಟೆಂಪೋದಲ್ಲಿ ತಂದು ಜೋಡಿಸಿಕೊಟ್ಟಿದ್ದ. ಬೂತಿನಲ್ಲಿ ನಿಂತು ಅವನ ಬಾಯಿಂದ ತಾನಾಗಿ ಬಂದ ಮಾತು, “ಮೊದ್ಲಿಂದನೇ ಇದ್ದಿರ್ಬೇಕು ಕಣ್ರೀ, ಹಳೇ ಮಷಿನ್ ಅಲ್ವಾ.” ಅದೇ ಸಂಜೆ ಮೇಡಂ ಮನೆ ಮುಂದೆ ಹಾದುಹೋಗುವಾಗ ಅದನ್ನೇ ಅವರಿಗೂ ಹೇಳಿದ. ಅವರು ಅಂಗಳದಲ್ಲಿ ಹುರುಳಿ ಆರಿಸುತ್ತ ಕೂತಿದ್ದರು. “ನನ್ನ ಕೈಯಲ್ಲಿದ್ದಾಗ್ಲೇ ಇತ್ತಾ?” ಎಂದರು. “ಇರ್ಬೇಕು ಮೇಡಂ.” ಅವರು ಮೊರದಲ್ಲಿದ್ದ ಕೈಯನ್ನು ತೆಗೆದು ಸೆರಗಿಗೆ ಒರೆಸಿಕೊಂಡರು. ಮತ್ತೆ ಹುರುಳಿ ಮುಟ್ಟಲಿಲ್ಲ. ಅವನಿಗೆ ಆಗ ಅದು ಏನೂ ಅನಿಸಿರಲಿಲ್ಲ. ಈಗ ಬಸ್ಸಿನಲ್ಲಿ, ಕಾರಣವಿಲ್ಲದೆ, ಆ ಕೈ ಒರೆಸಿಕೊಂಡದ್ದೇ ಮತ್ತೆ ಮತ್ತೆ ಕಾಣುತ್ತಿತ್ತು.

ಇನ್ಸ್ಟಿಟ್ಯೂಟು ಇದ್ದದ್ದು ಬಟ್ಟೆ ಅಂಗಡಿಯ ಮಹಡಿಯಲ್ಲಿ. ಮರದ ಮೆಟ್ಟಿಲ ಬುಡದಲ್ಲಿ ನಿಂತರೇ ಹನ್ನೆರಡು ಮಷಿನ್ನುಗಳ ಸದ್ದು, ಹೆಂಚಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ. ಅಂಜನಾಪುರದಿಂದ ಸೈಕಲ್ಲು ತುಳಿದುಕೊಂಡು ಬಂದು ಆ ಮೆಟ್ಟಿಲು ಹತ್ತುವಾಗ ಅವನಿಗೆ ಹದಿನೇಳು. ಒಳಗೆ ರಿಬ್ಬನ್ನಿನ ಶಾಯಿಯ ವಾಸನೆ, ಎಣ್ಣೆಯ ವಾಸನೆ, ಕಿಟಕಿಯ ಹತ್ತಿರ ಕೂರುವ ಹುಡುಗಿಯರು ಮುಡಿದ ಕನಕಾಂಬರಕ್ಕೆ ವಾಸನೆಯೇ ಇಲ್ಲವೆಂಬ ಸಣ್ಣ ನಿರಾಸೆ. ಮೇಡಂ ಕುರ್ಚಿಯ ಹಿಂದಿನ ಗೋಡೆಯಲ್ಲಿ ಒಂದು ಹಲಗೆ, ಹಲಗೆಗೆ ಒಂದೇ ಒಂದು ಮೊಳೆ. ಕೆಟ್ಟ ಹಾಳೆಯನ್ನು ಹರಿಯುವ ಹಾಗಿರಲಿಲ್ಲ, ಮುದುಡಿ ಎಸೆಯುವ ಹಾಗಿರಲಿಲ್ಲ. ತನ್ನ ತಪ್ಪಿಗೆ ತಾನೇ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿ, ಕೆಳಗೆ ಎಷ್ಟು ತಪ್ಪು ಎಂದು ಬರೆದು, ಹೆಸರು ಹಾಕಿ, ಎಲ್ಲರ ಎದುರಿಗೆ ಎದ್ದುಹೋಗಿ ಮೊಳೆಗೆ ಚುಚ್ಚಬೇಕು. ಶನಿವಾರ ಸಂಜೆ ಆ ವಾರದ ಹಾಳೆಗಳೆಲ್ಲ ಮೇಡಂ ಮನೆಯ ಬಚ್ಚಲ ಒಲೆಗೆ ಹೋಗುತ್ತಿದ್ದವು. ಸೋಮವಾರ ಮೊಳೆ ಖಾಲಿ. ಮೊದಲನೇ ತಿಂಗಳು ಅವನು ಒಂದು ಹಾಳೆಗೆ ಮೂರು ಸುತ್ತು ಹಾಕಿ ಎದ್ದಿದ್ದ. “ಎಷ್ಟು?” “ಮೂರು ಮೇಡಂ.” ಅವರು ಹಾಳೆ ನೋಡಿದರು. ಬಯ್ಯಲಿಲ್ಲ, ಬೆರಳಿಟ್ಟು ತೋರಿಸಲೂ ಇಲ್ಲ. “ಇನ್ನೊಂದು ಹುಡುಕು” ಎಂದು ಪೆನ್ಸಿಲನ್ನು ಅವನ ಕಡೆಗೆ ತಿರುಗಿಸಿ ಹಿಡಿದು, ತಾವು ಕಿಟಕಿಯಾಚೆ ನೋಡುತ್ತ ನಿಂತರು. ನಾಲ್ಕನೆಯದು ಎಲ್ಲಿದೆ ಎಂದು ಅವನಿಗೆ ಹುಡುಕಬೇಕಾಗಿರಲಿಲ್ಲ. ಎದ್ದು ಬರುವ ಮುಂಚೆಯೇ ಅದನ್ನು ಕಂಡಿದ್ದ. ಅವರಿಗೆ ಅದು ಗೊತ್ತಿತ್ತು, ಅವರಿಗೆ ಗೊತ್ತೆಂದು ಅವನಿಗೂ ಗೊತ್ತಾಯಿತು. ಕಿವಿ ಬಿಸಿಯಾಗಿ, ಹುಡುಕಿದ ಹಾಗೆ ಸ್ವಲ್ಪ ಹೊತ್ತು ನಟಿಸಿ, ಸುತ್ತು ಹಾಕಿದ್ದ. ಆ ವರ್ಷವೇ ಒಂದು ಮಷಿನ್ನು ಕೆಟ್ಟು, ದಾವಣಗೆರೆಯಿಂದ ಬರಬೇಕಾದ ಮೆಕ್ಯಾನಿಕ್ಕು ಬರದೆ ಹೋದಾಗ, ಅವರು ಸ್ಕ್ರೂಡ್ರೈವರನ್ನು ಅವನ ಕೈಗಿಟ್ಟು “ಬಿಚ್ಚು ನೋಡಾಣ. ಕೂಡಿಸಕ್ಕೆ ಬರ್ಲಿಲ್ಲ ಅಂದ್ರೆ ನಾನಿದೀನಿ” ಎಂದಿದ್ದರು. ಎರಡು ತಾಲ್ಲೂಕಿನಲ್ಲಿ ಅವನು ತಿನ್ನುತ್ತಿರುವ ಅನ್ನ ಆ ಮಾತಿನದು. ಮೊದಲು ಟೈಪ್‌ರೈಟರು ರಿಪೇರಿ, ಈಗ ಕಂಪ್ಯೂಟರು.

ಸೊರಬದಲ್ಲಿ ಇಳಿದಾಗ ಬಿಸಿಲು ಏರಿತ್ತು. ಉಜ್ಜಪ್ಪನ ಅಂಗಡಿಯ ಮುಂದೆ ಪಹಣಿ ಜೆರಾಕ್ಸ್ ಮಾಡಿಸಲು ಬಂದವರ ಸಾಲು. “ಬಂದ್ರು ನೋಡ್ರಿ ಡಾಕ್ಟ್ರು” ಎಂದ ಉಜ್ಜಪ್ಪ, ಜೆರಾಕ್ಸಿನ ಮುಚ್ಚಳ ಎತ್ತುತ್ತ. “ಚಪ್ಲಿ ಅಲ್ಲೇ ಬಿಡ್ರಿ. ಒಳಗೆ ಇಟ್ಟೀನಿ ಅದನ್ನ, ಜೆರಾಕ್ಸಿಗೆ ತಗುಲ್ಬಾರ್ದು ಅಂತ.” ಒಳಕೋಣೆಯ ಬಾಗಿಲಿಗೆ ಹಳೆಯ ಸೀರೆಯ ಪರದೆ. ಪರದೆ ಸರಿಸಿದರೆ, ಮಾನಿಟರಿನ ತಲೆಯ ಮೇಲೆ ಒಂದು ಕಟ್ಟು ಬೇವಿನ ಸೊಪ್ಪು, ಹಣೆಗೆ ಆಯುಧಪೂಜೆಯ ವಿಭೂತಿ ಇನ್ನೂ ಇದೆ, ಅದರ ಮೇಲೆ ಹೊಸದಾಗಿ ಅರಿಶಿನದ ಬೊಟ್ಟು. ಮೇಡಂ ತಮ್ಮ ಕೈಯಾರೆ ಹೊಲಿದ, ಅಂಚಿಗೆ ಬಿಳಿ ನೂಲಿನ ಬಳ್ಳಿ ಬಿಡಿಸಿದ ಕಂಪ್ಯೂಟರಿನ ನೀಲಿ ಮುಸುಕು ಕಿಟಕಿಯ ಸರಳಿನ ಮೇಲೆ ಒಣಗುತ್ತಿತ್ತು, ಅರ್ಧ ಹಳದಿಯಾಗಿ. ಉಜ್ಜಪ್ಪನ ತಾಯಿ ಬಸವಣ್ಣೆಮ್ಮ ಮೂಲೆಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು. “ಬಿಸಿನೀರಿಗೆ ಅರಿಶ್ನ ಹಾಕಿ ನೆನೆಸಿದ್ದೆ ಕಣಪ್ಪ. ಮಕ್ಕಳಿಗೆ ಅಮ್ಮ ಆದಾಗ ಹಂಗೇ ಅಲ್ವಾ ಮಾಡಾದು?” ಎಂದರು. ಮಹಾಂತೇಶನಿಗೆ ನಗು ಬಂತು. ನಗಲಿಲ್ಲ. “ಈ ರೋಗ ಬೇರೆ ಅಜ್ಜಿ. ಬೇವಿಗೆ ಹೋಗಲ್ಲ.” “ರೋಗ ಎಲ್ಲಾ ಒಂದೇಯ. ಮನೇಲಿ ಕೂತೋರಿಗೆ ತಾನಾಗಿ ಬರಲ್ಲ. ಹೊರಗಿಂದ ಬಂದೋರು ತರ್ತಾರೆ, ಕೊಟ್ಟು ಹೋಗ್ತಾರೆ. ಅವ್ರಿಗೂ ಗೊತ್ತಿರಲ್ಲ ಪಾಪ.” ಅವನು ಸೊಪ್ಪನ್ನು ಎತ್ತಿ ನಿಧಾನವಾಗಿ ಅವರ ಪಕ್ಕದಲ್ಲಿಟ್ಟ.

ಕಂಪ್ಯೂಟರು ಎದ್ದಿತು. ಯಾವುದೋ ಶಾಲೆಯ ಪ್ರಶ್ನೆಪತ್ರಿಕೆ ತೆರೆದಿಟ್ಟು ಕಾದ. ಮೊದಲು ಏನೂ ಆಗಲಿಲ್ಲ. ಆಮೇಲೆ ಮೂರನೇ ಸಾಲಿನಿಂದ ಒಂದು ಅಕ್ಷರ ಸಡಿಲಾಗಿ, ಪರದೆಯುದ್ದಕ್ಕೂ ಇಳಿದು ತಳಕ್ಕೆ ಬಿತ್ತು. ಅದರ ಹಿಂದೆ ಇನ್ನೊಂದು. ನೋಡುತ್ತಿದ್ದಂತೆ ಸಾಲುಗಳೆಲ್ಲ ತೂತಾಗಿ, ತಳದಲ್ಲಿ ಓದಲಾಗದ ಒಂದು ಗುಡ್ಡೆ. ಅದರಲ್ಲಿ ಒಂಥರಾ ಚೆಂದವೂ ಇತ್ತು, ಅದೇ ಅವನಿಗೆ ಹಿಂಸೆಯಾದದ್ದು. ಈ ಪರದೆಯ ಮುಂದೆಯೇ ತೊಂಬತ್ತೈದರಲ್ಲಿ ಮೇಡಂ, ಐವತ್ತೇಳು ವರ್ಷದವರು, ಅವನ ಪಕ್ಕ ಸ್ಟೂಲು ಎಳೆದುಕೊಂಡು ಕೂತು, “ಈಗ ನೀನು ಮೇಷ್ಟ್ರು, ನಾನು ತಪ್ಪು ಮಾಡಾಳು” ಎಂದು ನಕ್ಕಿದ್ದರು. ಅಕ್ಷರ ತಪ್ಪಿದರೆ ಅಳಿಸಬಹುದು, ಗುರುತೇ ಉಳಿಯುವುದಿಲ್ಲ ಎಂದು ತೋರಿಸಿದಾಗ ಮಾತ್ರ ಅವರ ನಗು ನಿಂತು, “ಗುರುತೇ ಉಳಿಯಲ್ವಾ?” ಎಂದು ಎರಡು ಸಲ ಕೇಳಿದ್ದರು.

“ಎಲ್ಲಾ ತೊಳ್ದು ಹಾಕ್ಬಿಡ್ರಿ” ಎಂದ ಉಜ್ಜಪ್ಪ ಬಾಗಿಲ ಸೀರೆಯ ಸಂದಿಯಿಂದ ತಲೆ ಹಾಕಿ. “ಆ ಮೇಡಮ್ಮಂದು ಒಂದು ಅಕ್ಷರಾನೂ ಉಳೀಬಾರ್ದು. ಹೊಸದಾಗಿ ಹಾಕ್ಕೊಡ್ರಿ.” ಅದು ಸುಲಭ. ಒಂದು ಆಜ್ಞೆ ಟೈಪು ಮಾಡಿ ಅರ್ಧ ಗಂಟೆ ಕೂತರೆ ಡಿಸ್ಕು ಬೋಳು ನೆಲ. ರೋಗವೂ ಇಲ್ಲ, ಅದು ಬಂದ ಹಾದಿಯೂ ಇಲ್ಲ. ಆದರೆ ಕಂಪ್ಯೂಟರಿನ ಜೊತೆ ಮೇಡಂ ಕೊಟ್ಟ ಬಿಸ್ಕತ್ತಿನ ಡಬ್ಬ ಮೇಜಿನ ಕೆಳಗಿತ್ತು. ಅದರಲ್ಲಿ ಅವರ ಹನ್ನೊಂದು ಫ್ಲಾಪಿಗಳು. ಅವುಗಳಲ್ಲಿ ವೈರಸ್ ಇದ್ದರೆ ನಾಳೆಯೇ ಮತ್ತೆ ಬರುತ್ತದೆ. ಮೊದಲು ಅವನ್ನು ನೋಡಿ ಆಮೇಲೆ ಮಷಿನ್ನಿಗೆ ಕೈ ಹಾಕುವುದು ಕೆಲಸದ ಕ್ರಮ. ತನ್ನ ಡಬ್ಬದಿಂದ ಶುದ್ಧವಾದ ಫ್ಲಾಪಿ ತೆಗೆದು ಅದರಿಂದಲೇ ಕಂಪ್ಯೂಟರನ್ನು ಎಬ್ಬಿಸಿ, ವೈರಸ್ ಹುಡುಕುವ ಪ್ರೋಗ್ರಾಮು ಓಡಿಸಿದ. ಬಿಸ್ಕತ್ತಿನ ಡಬ್ಬದ ಮೊದಲ ಫ್ಲಾಪಿ ಹಾಕಿದ. ಇಲ್ಲ. ಎರಡನೆಯದು. ಇಲ್ಲ. ಪ್ರತಿಯೊಂದರ ಮೇಲೂ ಮೇಡಂ ಕೈಬರಹದಲ್ಲಿ ತಾರೀಖು, ಎಲ್ಲ ಶನಿವಾರಗಳು. ಪ್ರತಿ ಫ್ಲಾಪಿಯ ಮೂಲೆಯ ಸಣ್ಣ ಜಾರುಬಾಗಿಲು ಸರಿದು ತೂತು ತೆರೆದಿತ್ತು. ಅದನ್ನು ಕಲಿಸಿದವನು ಅವನೇ: ತೂತು ತೆರೆದಿಟ್ಟರೆ ಅದನ್ನು ಓದಬಹುದು, ಅದರ ಮೇಲೆ ಏನನ್ನೂ ಬರೆಯಲಾಗದು, ವೈರಸ್ ಕೂಡ ಒಳಗೆ ಬರಲಾರದು. ಅವರು ಒಂದು ಸಲವೂ ಮರೆತಿರಲಿಲ್ಲ. ಐದು, ಆರು, ಏಳು. ಒಂದರಲ್ಲಿ ಇನ್ಸ್ಟಿಟ್ಯೂಟಿನ ಇಡೀ ರಿಜಿಸ್ಟರು ಇತ್ತು, ಎಪ್ಪತ್ತೊಂದರಿಂದ ಕಲಿತವರೆಲ್ಲರ ಹೆಸರು, ಊರು. ಕುಬಟೂರಿನ ಹೂವಮ್ಮ, ಮದುವೆಯಾಗಿ ಅರ್ಧಕ್ಕೆ ಬಿಟ್ಟದ್ದು. ಅಂಜನಾಪುರದ ಮಹಾಂತೇಶ, ಪಕ್ಕದಲ್ಲಿ ‘ತಪ್ಪು ಒಪ್ಪುತ್ತಾನೆ, ತಡವಾಗಿ’. ಅವನು ಅದನ್ನು ಓದಿ ಬೇಗ ಮುಚ್ಚಿದ. ಎಂಟು, ಒಂಬತ್ತು. ತಾನು ಪ್ರತಿ ಸಲವೂ ಏನನ್ನೋ ಬೇಡಿಕೊಳ್ಳುತ್ತಿದ್ದೇನೆ ಎಂದು ಅವನಿಗೆ ಗೊತ್ತಾದದ್ದು ಹತ್ತನೆಯದರಲ್ಲಿ. ಇರಲಿ, ಒಂದರಲ್ಲಾದರೂ ಇರಲಿ. ಕೊನೆಯದರ ಮೇಲೆ ಮಾರಿದ ದಿನದ ತಾರೀಖಿತ್ತು, ಟೆಂಪೋ ಬರುವ ಮುಂಚೆ ಪ್ರೋಗ್ರಾಮುಗಳ ಸಮೇತ ಮಾಡಿಟ್ಟ ನಕಲು. ಅದೂ ಶುದ್ಧ. ಮಷಿನ್ನು ಅವರ ಮನೆ ಬಿಡುವಾಗ ಅದಕ್ಕೆ ಏನೂ ಆಗಿರಲಿಲ್ಲ.

“ಉಜ್ಜಪ್ಪನೋರೆ, ಬೇರೆ ಯಾರಾದ್ರೂ ಇದಕ್ಕೆ ಫ್ಲಾಪಿ ಹಾಕಿದ್ರಾ?”

“ನಮ್ಮೂರಲ್ಲಿ ಯಾರತ್ರ ಐತ್ರೀ ಫ್ಲಾಪಿ? ನೀವು ಅವತ್ತು ಆಟ ಹಾಕ್ಕೊಟ್ರಲ್ಲ, ಅದೇ ಕಡೇದು.”

ಆಟ. ಜೋಡಿಸಿದ ದಿನ ಅಂಗಡಿಯ ಮುಂದೆ ಜನ ಸೇರಿದ್ದರು. ಬರೀ ಕಪ್ಪು ಪರದೆ ತೋರಿಸಿದರೆ ಏನು ಚೆಂದ ಎಂದು, ಶಿವಮೊಗ್ಗದ ಯಾವುದೋ ಅಂಗಡಿಯಲ್ಲಿ ನಕಲು ಮಾಡಿಕೊಂಡು ಬಂದಿದ್ದ ಟೈಪಿಂಗ್ ಆಟವೊಂದನ್ನು ಹಾಕಿ ಓಡಿಸಿದ್ದ. ಮೇಲಿನಿಂದ ಬರುವ ಅಕ್ಷರವನ್ನು ಬೆರಳಿನಿಂದ ಹೊಡೆಯುವ ಆಟ. ಜನ ಹೋ ಎಂದಿದ್ದರು. ಚೀಲದ ಡಬ್ಬದಲ್ಲಿ ಅದು ಎಲ್ಲಕ್ಕಿಂತ ಹಿಂದೆ ಇತ್ತು. ತೆಗೆದು ಹಿಡಿದಾಗಲೇ ಕಂಡಿತು, ಮೂಲೆಯ ಬಾಗಿಲು ಮುಚ್ಚಿತ್ತು. ತೂತಿರಬೇಕಾದಲ್ಲಿ ಕಪ್ಪು ಪ್ಲಾಸ್ಟಿಕ್ಕು. ಆದರೂ ಹಾಕಿದ. ಪ್ರೋಗ್ರಾಮು ತಕ್ಷಣ ಕಿರುಚಿತು. ಬಸವಣ್ಣೆಮ್ಮ ಬತ್ತಿ ಹೊಸೆಯುವುದನ್ನು ನಿಲ್ಲಿಸಿ, “ಸಿಕ್ತಾ?” ಎಂದರು. ಅವನು ಫ್ಲಾಪಿಯನ್ನು ಹೊರತೆಗೆದ. ಆ ಫ್ಲಾಪಿ ಎಲ್ಲೆಲ್ಲಿಗೆ ಹೋಗಿತ್ತೆಂದು ನೆನಪು ಮಾಡಿಕೊಳ್ಳುತ್ತಿದ್ದ. ಆನವಟ್ಟಿಯ ಗೊಬ್ಬರದಂಗಡಿ. ಶಿರಾಳಕೊಪ್ಪದ ಸ್ಟುಡಿಯೋ. ಇನ್ನೂ ಮೂರು. ಎಲ್ಲ ಕಡೆಯೂ ಚಹಾ ಕೊಟ್ಟು, ಡಾಕ್ಟ್ರೇ ಎಂದು ಕರೆದು, ಕುರ್ಚಿಯ ಧೂಳು ಒರೆಸಿ ಕೂರಿಸಿದ್ದರು.

ತೊಳೆಯುವ ಆಜ್ಞೆ ಕೊಡಲಿಲ್ಲ. ಒಂದೊಂದೇ ಪ್ರೋಗ್ರಾಮು ತೆಗೆದು, ಮೇಡಂನ ಕೊನೆಯ ಫ್ಲಾಪಿಯಿಂದ ಒಳ್ಳೆಯದನ್ನು ಅದರ ಜಾಗಕ್ಕೆ ಕೂರಿಸುತ್ತ ಹೋದ. ಎರಡು ಗಂಟೆ ಹಿಡಿಯಿತು. ಆ ಎರಡು ಗಂಟೆಯಲ್ಲಿ ಅವನು ಹತ್ತಾರು ಬಗೆಯ ಮಾತು ಕಟ್ಟಿದ, ಎಲ್ಲದರಲ್ಲೂ ತನ್ನ ಹೆಸರು ಕಡೆಗೆ ಬರುತ್ತಿತ್ತು, ಇಲ್ಲವೇ ಬರುತ್ತಲೇ ಇರಲಿಲ್ಲ. ಹೊರಗೆ ಬಂದು ಗಲ್ಲಾಪೆಟ್ಟಿಗೆಯ ಹತ್ತಿರ ನಿಂತು ಹೇಳಿದ. ಜೆರಾಕ್ಸಿನ ಸದ್ದಿನಲ್ಲಿ ಉಜ್ಜಪ್ಪನಿಗೆ ಕೇಳಲಿಲ್ಲ. “ಏನಂದ್ರಿ? ಸರಿಯಾತಾ?” ಎಂದ. ಒಂದು ಕ್ಷಣ ಮಹಾಂತೇಶನಿಗೆ ಹಗುರವೆನಿಸಿತು. ಹೇಳಿದ್ದು ಹೇಳಿದ್ದೇ ಅಲ್ಲವೇ. ಹೂಂ ಎಂದರೆ ಮುಗಿಯಿತು. ಕೈ ತಾನಾಗಿ ಚೀಲದೊಳಗೆ ಹೋಗಿ ಲಕೋಟೆಯ ಅಂಚು ಮುಟ್ಟಿತು. ಜೆರಾಕ್ಸಿನ ಬೆಳಕು ಒಂದು ಸಲ ಹಾದುಹೋಗುವ ತನಕ ಕಾದು, ಮತ್ತೆ ಹೇಳಿದ, ಈ ಸಲ ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ. “ವೈರಸ್ ಮೇಡಂದಲ್ಲ ಕಣ್ರೀ. ನಾನು ಅವತ್ತು ಹಾಕಿದ ಆಟದಲ್ಲಿತ್ತು. ನಾನೇ ತಂದಿದ್ದು.”

ಉಜ್ಜಪ್ಪ ಮುಚ್ಚಳದ ಮೇಲಿನ ಕೈ ತೆಗೆಯಲಿಲ್ಲ. ಸಾಲಿನ ಮುಂದೆ ನಿಂತಿದ್ದ ಜಟ್ಟಪ್ಪನೆಂಬ ಮುದುಕ ಜೋರಾಗಿ ನಕ್ಕ. “ಅಲ್ಲಲೇ ಉಜ್ಜಾ, ಡಾಕ್ಟ್ರೇ ರೋಗ ಹಚ್ಚಿ, ಡಾಕ್ಟ್ರೇ ಬಿಡ್ಸಿದ್ರಾ? ಒಳ್ಳೆ ಕಸುಬು ಇದು! ನಮ್ಮ ದನಿನ ಡಾಕ್ಟ್ರಿಗೆ ಹೇಳ್ಬೇಕು.” ಎಲ್ಲರೂ ನಕ್ಕರು. ಮಹಾಂತೇಶನೂ ನಗಲು ನೋಡಿದ, ತುಟಿ ಮಾತ್ರ ಅಲ್ಲಾಡಿತು. ಉಜ್ಜಪ್ಪ ನಗಲಿಲ್ಲ. “ನಾನು ಊರೆಲ್ಲ ಹೇಳೀನಲ್ರೀ, ಆ ಮೇಡಮ್ಮ ಕೆಟ್ಟಿದ್ದು ದಾಟ್ಸಿದ್ಲು ಅಂತ” ಎಂದ. ಆಮೇಲೆ ದನಿ ತಗ್ಗಿಸಿ, “ಇನ್ಮೇಲೆ ಹಂಗೆ ಅನ್ನಲ್ಲ ಬಿಡ್ರಿ. ಆದ್ರೆ ಅಂದಿದ್ದನ್ನ ಹೆಂಗೆ ವಾಪಸ್ ತಗಳ್ಳಾದು?” ಎಂದ.

ಹಿಂದಿರುಗುವ ಬಸ್ಸಿನಲ್ಲಿ ಬಸವಣ್ಣೆಮ್ಮ ಮಡಚಿಕೊಟ್ಟ ಹಳದಿ ಮುಸುಕು ಲಕೋಟೆಯ ಜೊತೆಗಿತ್ತು. “ಆಯಮ್ಮಂಗೆ ಕೊಡಪ್ಪ. ಕೈಕೆಲಸ ಮಾಡಿದ್ದು, ನಾನು ಹಾಳು ಮಾಡ್ದೆ” ಎಂದಿದ್ದರು. ಸಾಲಿನವರ ನಗು ಶಿರಾಳಕೊಪ್ಪ ದಾಟುವುದರೊಳಗೆ ಸವೆದುಹೋಯಿತು. ಅಷ್ಟು ಬೇಗ ಸವೆಯುತ್ತದೆಂದು ಅವನು ತಿಳಿದಿರಲಿಲ್ಲ. ಉಳಿದದ್ದು ಮೊರದಿಂದ ತೆಗೆದ ಕೈ.

ಮೇಡಂ ಮನೆಯ ಮುಂದಿನ ಕೋಣೆಯಲ್ಲಿ ಇನ್ಸ್ಟಿಟ್ಯೂಟಿನಿಂದ ಉಳಿಸಿಕೊಂಡ ಎರಡು ಮಷಿನ್ನು. ಕೋರ್ಟಿನ ಕಾಗದ ಟೈಪು ಮಾಡಿಕೊಡುತ್ತಾರೆ. ಹೊರಗಿನಿಂದಲೇ ಸದ್ದು ಕೇಳಿತು, ಒಂದೇ ಮಷಿನ್ನಿನದು, ಆದರೂ ಮೆಟ್ಟಿಲು ಹತ್ತಿದ ಹಾಗಾಯಿತು. ಗೋಡೆಗೆ ಅದೇ ಹಲಗೆ, ಅದೇ ಮೊಳೆ. ಮೊಳೆಯಲ್ಲಿ ಹಾಳೆಗಳಿದ್ದವು. ಮೇಡಂ ಏಳುವ ಮುಂಚೆ ಅವನ ಕಣ್ಣು ಅಲ್ಲಿಗೆ ಹೋಯಿತು. ‘ಸೊರಬದ ಶ್ರೀ ಉಜ್ಜಪ್ಪನವರಿಗೆ ವಂದನೆಗಳು.’ ಅದರ ಹಿಂದೆ ಇನ್ನೊಂದು, ಅದೇ. ಐದು ಹಾಳೆ. ಕೆಂಪು ಸುತ್ತುಗಳು, ಕೆಳಗೆ ‘ತಪ್ಪು 1’, ‘ತಪ್ಪು 2’, ನೀಲಾಂಬಿಕ. ಆ ನಾಲ್ಕು ಸಾಲಿನ ಕಾಗದವನ್ನು ಅವರು ಆರು ಸಲ ಹೊಡೆದಿದ್ದರು.

“ಕೊಟ್ಯೇನಪ್ಪ?”

ಅವನು ಲಕೋಟೆಯನ್ನು ಮೇಜಿನ ಮೇಲಿಟ್ಟ. ಅದರ ಪಕ್ಕ ಆ ಫ್ಲಾಪಿ. “ನಿಮ್ಮ ಹನ್ನೊಂದೂ ಶುದ್ಧ ಇದಾವೆ ಮೇಡಂ. ಇದರಲ್ಲಿತ್ತು. ಇದು ನಂದು.”

ಮೇಡಂ ಕನ್ನಡಕ ಏರಿಸಿ ಫ್ಲಾಪಿಯನ್ನು ಎತ್ತಿಕೊಂಡರು. ಅವರ ಹೆಬ್ಬೆರಳು ಮೂಲೆಗೆ ಹೋಗಿ, ಮುಚ್ಚಿದ ಬಾಗಿಲ ಮೇಲೆ ನಿಂತಿತು. “ಉಜ್ಜಪ್ಪಂಗೆ ಹೇಳ್ದ್ಯಾ?”

“ಹೇಳ್ದೆ. ಎಲ್ಲಾರ ಎದುರಿಗೆ.”

“ಎಷ್ಟು?”

ಹದಿನಾಲ್ಕು ವರ್ಷದ ಮೇಲೆ ಆ ಪ್ರಶ್ನೆ. “ಒಂದು ಮೇಡಂ. ಬಾಗಿಲು ಮುಚ್ಚಿ ಊರೂರು ತಿರುಗಿಸ್ದೆ.”

ಅವರು ಮಷಿನ್ನಿನ ಪಕ್ಕದ ಲೋಟದಿಂದ ಕೆಂಪು ಪೆನ್ಸಿಲು ತೆಗೆದು, ಅವನ ಕಡೆಗೆ ತಿರುಗಿಸಿ ಹಿಡಿದರು. “ಇನ್ನೊಂದು ಹುಡುಕು” ಎಂದು ಕಿಟಕಿಯಾಚೆ ನೋಡುತ್ತ ನಿಂತರು. ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಹೊಡೆಯುತ್ತ ಹೋದರು. ಈ ಸಲ ಅವನು ಹುಡುಕಿದ ಹಾಗೆ ನಟಿಸಲಿಲ್ಲ.

“ಮಷಿನ್ ನೋಡ್ದೇನೇ ತಪ್ಪು ನಿಮ್ದು ಅಂದೆ ಮೇಡಂ. ಅವ್ರಿಗೂ ಅಂದೆ, ನಿಮಗೂ ಅಂದೆ.”

“ಹೂಂ” ಎಂದರು ಅವರು, ಕಿಟಕಿಯ ಕಡೆಗೇ. “ಒಂದು ವಾರ ನಾನು ನನ್ನ ಕೈಯನ್ನೇ ನೋಡ್ಕಂಡು ಕೂತಿದ್ದೆ ಕಣೋ.”

ಅವನು ಫ್ಲಾಪಿಯ ಚೀಟಿಯ ಮೇಲೆ ‘ತಪ್ಪು 2’ ಎಂದು ಬರೆದು ಹೆಸರು ಹಾಕಿದ. ಮೂಲೆಯ ಜಾರುಬಾಗಿಲನ್ನು ಉಗುರಿನಿಂದ ಸರಿಸಿದ. ಚೌಕದ ಸಣ್ಣ ತೂತು ತೆರೆಯಿತು, ಅದರೊಳಗಿಂದ ಕಿಟಕಿಯ ಬೆಳಕು. ಮೊಳೆಯಿಂದ ಐದು ಹಾಳೆಗಳನ್ನು ಬಿಡಿಸಿ ಅವರ ಕೈಗೆ ಕೊಟ್ಟು, ಫ್ಲಾಪಿಯನ್ನು ಆ ತೂತಿನಿಂದಲೇ ಮೊಳೆಗೆ ತೂಗುಹಾಕಿದ. ಸರಿಯಾಗಿ ಕೂತಿತು. ಸ್ವಲ್ಪ ಹೊತ್ತು ಆಚೀಚೆ ಆಡಿ ನಿಂತಿತು.

ಮೇಡಂ ಲಕೋಟೆಯನ್ನೂ ಆ ಹಾಳೆಗಳ ಜೊತೆ ಸೇರಿಸಿ ಮಡಚಿದರು. “ಇವು ಶನಿವಾರ ಒಲೆಗೆ ಹೋಗ್ತಾವೆ” ಎಂದು, ಹಳದಿ ಮುಸುಕನ್ನು ಬಿಡಿಸಿ ನೋಡಿ, ಮೊದಲ ಸಲ ನಕ್ಕರು. ಆಮೇಲೆ ಮೊಳೆಯ ಕಡೆ ತಿರುಗಿದರು. “ಅದನ್ನ ಏನು ಮಾಡಾದು? ಪ್ಲಾಸ್ಟಿಕ್ಕು. ಉರಿಗೆ ಹಾಕಿದ್ರೆ ಮನೆಯೆಲ್ಲಾ ವಾಸನೆ.”

“ಇರ್ಲಿ ಬಿಡ್ರಿ ಮೇಡಂ, ಅಲ್ಲೇ.”

“ಇರ್ಲಿ” ಎಂದರು. “ಇನ್ನೂ ಎಷ್ಟು ಊರಿಗೆ ಹೋಗ್ಬೇಕು ನೀನು?”

“ಐದು ಕಡೆ. ನಾಳೆ ಆನವಟ್ಟಿಯಿಂದ ಶುರು ಮಾಡ್ತೀನಿ.”

“ಕೂತ್ಕೋ. ಚಹಾ ಕುಡ್ಕಂಡು ಹೋಗು” ಎಂದು ಅವರು ಒಳಗೆ ಹೋದರು. ಅವನು ವಿದ್ಯಾರ್ಥಿಯ ಸ್ಟೂಲಿನ ಮೇಲೆ ಕೂತ. ಎದುರಿನ ಮಷಿನ್ನಿನಲ್ಲಿ ಅರ್ಧ ಹೊಡೆದ ಹಾಳೆ ಹಾಗೇ ಇತ್ತು, ಮುಂದಿನ ಅಕ್ಷರಕ್ಕೆ ಕಾಯುತ್ತ.